ಮೂರು ನಿಮಿಷದ ಪ್ಲೇಟುಗಳು ಮತ್ತು ನನ್ನ ಹದಿನಾಲ್ಕು ಶನಿವಾರಗಳು

ಬಹಳ ದಿನದಿಂದ ಈ ಕಡೆ ತಲೆಹಾಕಿರಲಿಲ್ಲ. ಒಂದಿಬ್ಬರು ಗೆಳೆಯರು ಮೇಲ್ ಮಾಡಿ "ಎಲ್ಲಿ ಮಾಯವಾದ್ರಿ ಮಾರಾಯ್ರೆ" ಅಂತ ಕೇಳಿದ್ದರು. ಕಾರಣ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನೂ ಅಲ್ಲ. ಅಪ್ಪ ತೀರಿಕೊಂಡ ಮೇಲೆ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಸಣ್ಣ ಸಣ್ಣದಕ್ಕೂ ಮನೆಯಲ್ಲಿ ರೇಗುತ್ತಿದ್ದೆ. ಯಾರಾದರೂ ಮಾತಾಡುತ್ತಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ಕೊನೆಗೆ ಅಕ್ಕನ ಕಾಟ ತಾಳಲಾರದೆ ಒಬ್ಬ ಆಪ್ತಸಲಹೆಗಾರರ ಹತ್ತಿರ ಹೋಗತೊಡಗಿದೆ. ಪ್ರತಿ ಶನಿವಾರ ಐವತ್ತು ನಿಮಿಷ, ಒಟ್ಟು ಹದಿನಾಲ್ಕು ವಾರ.

ಹದಿನಾಲ್ಕನೇ ಶನಿವಾರ ಅಲ್ಲಿಂದ ಹೊರಗೆ ಬಂದಾಗ ನಾನು ಬೇರೆಯೇ ಮನುಷ್ಯ ಅನ್ನಿಸಿತ್ತು. ಮನೆಗೆ ಬಂದವನೇ ಹೆಂಡತಿಯನ್ನು ಕೇಳಿದೆ, "ನಾನು ಎಷ್ಟು ಬದಲಾಗಿದೀನಿ, ಅಲ್ವಾ?" ಅವಳು ಅವರೆಕಾಳು ಹಿದುಕುತ್ತಾ ಕೂತಿದ್ದಳು. ತಲೆಯೆತ್ತಿ ಒಂದು ಸಲ ನೋಡಿ, "ನಂಗೇನೂ ಅಂಥಾ ಬದಲಾವಣೆ ಕಾಣ್ಲಿಲ್ಲಪ್ಪ" ಅಂದಳು.

ಅಷ್ಟೇ. ಮುಂದಿನ ಒಂದು ತಿಂಗಳು ನಾನು ಓದಿದ್ದೆಲ್ಲ ಆ ಒಂದು ಮಾತಿಗಾಗಿ. ಮನುಷ್ಯ ಬದಲಾದ ಅಂತ ಹೇಳುವವರು ಯಾರು? ಅವನೇನಾ, ಅವನಿಗೆ ಚಿಕಿತ್ಸೆ ಕೊಟ್ಟವರಾ, ಅವನ ಜೊತೆ ಒಂದೇ ಮನೆಯಲ್ಲಿ ಇರುವವರಾ? ಹುಡುಕುತ್ತಾ ಹೋದರೆ ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಅಮೆರಿಕದ ಕಾರ್ಲ್ ರೋಜರ್ಸ್ ಮತ್ತು ಅವರ ಶಿಷ್ಯರದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಬಂದು ಕೂತುಕೊಳ್ಳಿ :)

ಮೊದಲು ಒಂದು ವಿಷಯ. ಚಿಕಿತ್ಸೆಯ ಕೋಣೆಯೊಳಗೆ ಏನು ನಡೆಯುತ್ತದೆ ಅನ್ನುವುದು ಬಹಳ ಕಾಲ ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಫ್ರಾಯ್ಡ್ 1912ರಲ್ಲಿ ಬರೆದ ಒಂದು ಲೇಖನದಲ್ಲಿ, ರೋಗಿ ಮಾತಾಡುತ್ತಿರುವಾಗ ವೈದ್ಯ ಟಿಪ್ಪಣಿ ಬರೆದುಕೊಳ್ಳುತ್ತಾ ಕೂರಬಾರದು ಅಂತ ಸಲಹೆ ಕೊಟ್ಟಿದ್ದರು. ಬರೆಯುವ ಕಡೆ ಗಮನ ಹೋದರೆ ಕೇಳುವುದು ಕೆಡುತ್ತದೆ ಅನ್ನುವುದು ಅವರ ವಾದ. ಹಾಗಾಗಿ ಅವರ ಪ್ರಸಿದ್ಧ ರೋಗಿಗಳ ಕಥೆಗಳೆಲ್ಲ ನಮಗೆ ಬಂದಿರುವುದು ಹೆಚ್ಚುಕಡಿಮೆ ಅವರ ನೆನಪಿನಿಂದ. ನೆನಪು ಎಂಥದ್ದು ಅಂತ ನಿಮಗೆ ಹೇಳಬೇಕಾಗಿಲ್ಲ. ಊರಲ್ಲಿ ಒಂದೇ ಜಗಳವನ್ನು ಇಬ್ಬರು ದಾಯಾದಿಗಳ ಬಾಯಲ್ಲಿ ಕೇಳಿದವರಿಗೆ ಅದು ಚೆನ್ನಾಗಿ ಗೊತ್ತು.

ರೋಜರ್ಸ್ ಹುಟ್ಟಿದ್ದು 1902ರಲ್ಲಿ, ಷಿಕಾಗೋ ಪಕ್ಕದ ಓಕ್ ಪಾರ್ಕಿನಲ್ಲಿ. 1928ರಿಂದ ಹನ್ನೆರಡು ವರ್ಷ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ತೊಂದರೆಗೊಳಗಾದ ಮಕ್ಕಳ ಜೊತೆ ಕೆಲಸ ಮಾಡಿದರು. ಆ ದಿನಗಳ ಒಂದು ಘಟನೆಯನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಒಬ್ಬ ಪುಂಡ ಹುಡುಗ. ಅವನ ತಾಯಿ ಚಿಕ್ಕಂದಿನಲ್ಲಿ ಅವನನ್ನು ದೂರ ತಳ್ಳಿದ್ದೇ ಎಲ್ಲದಕ್ಕೂ ಕಾರಣ ಅಂತ ರೋಜರ್ಸ್‌ಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ಆಕೆಗೆ ತಿಳಿಸಿಕೊಡಲು ಎಷ್ಟು ಕೂತು ಮಾತಾಡಿದರೂ ಪ್ರಯೋಜನ ಆಗಲಿಲ್ಲ. ಕೊನೆಗೆ ಇಬ್ಬರೂ ಸೋತೆವು ಅಂತ ಒಪ್ಪಿಕೊಂಡು ಕೈಕುಲುಕಿದರು. ಬಾಗಿಲವರೆಗೆ ಹೋದ ಆಕೆ ತಿರುಗಿ, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುತ್ತೀರಾ ಅಂತ ಕೇಳಿದಳು. ಹೌದು ಅಂದಾಗ, ಈಗಷ್ಟೇ ಎದ್ದ ಕುರ್ಚಿಯಲ್ಲೇ ಮತ್ತೆ ಕೂತು ತನ್ನ ಸಂಸಾರದ ಗೋಳನ್ನು ಹೇಳಲು ಶುರುಮಾಡಿದಳು. ಅಲ್ಲಿಯವರೆಗೆ ಆಕೆ ಕೊಟ್ಟಿದ್ದ ಒಣ "ಕೇಸ್ ಹಿಸ್ಟರಿ"ಗೂ ಇದಕ್ಕೂ ಸಂಬಂಧವೇ ಇರಲಿಲ್ಲವಂತೆ. ನಿಜವಾದ ಚಿಕಿತ್ಸೆ ಶುರುವಾಗಿದ್ದು ಆಗ, ಹುಡುಗನೂ ಆಮೇಲೆ ಸುಧಾರಿಸಿದ. ಯಾವುದು ನೋಯುತ್ತಿದೆ ಅಂತ ಗೊತ್ತಿರುವುದು ಬಂದವರಿಗೇ, ನಾವು ದಾರಿ ತೋರಿಸುವುದನ್ನು ನಿಲ್ಲಿಸಿ ಅವರ ಹಿಂದೆ ನಡೆಯಬೇಕು ಅನ್ನುವ ಅವರ ಮುಂದಿನ ವಿಚಾರಕ್ಕೆ ಇದೂ ಒಂದು ಬೀಜ.

ವಿಚಾರ ಇದ್ದರೆ ಸಾಕೇ? ಸಾಕ್ಷಿ ಬೇಕಲ್ಲ. 1940ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದ ರೋಜರ್ಸ್, ಬರ್ನಾರ್ಡ್ ಕೋವ್ನರ್ ಎಂಬ ವಿದ್ಯಾರ್ಥಿಯ ಜೊತೆ ಸೇರಿ ಸಲಹೆಯ ಮಾತುಕತೆಯನ್ನು ರೆಕಾರ್ಡ್ ಮಾಡಲು ಹೊರಟರು. ಟೇಪು ಇನ್ನೂ ಬಂದಿರದ ಕಾಲ ಅದು. ನಮ್ಮ ಅಜ್ಜಂದಿರು ರಂಗಗೀತೆ ಕೇಳುತ್ತಿದ್ದರಲ್ಲ, ಆ 78 ಆರ್‌ಪಿಎಂ ಗ್ರಾಮಾಫೋನ್ ಪ್ಲೇಟು, ಅಂಥದ್ದರ ಮೇಲೇ ಮಾತನ್ನು ಕೊರೆಯಬೇಕು. ಒಂದು ಮಗ್ಗುಲಿಗೆ ಹಿಡಿಯುವುದು ಸುಮಾರು ಮೂರೇ ನಿಮಿಷ. ಅದಕ್ಕೆ ಎರಡು ಯಂತ್ರ ಇಟ್ಟುಕೊಂಡಿದ್ದರು. ಒಂದು ತುಂಬುವಷ್ಟರಲ್ಲಿ ಇನ್ನೊಂದು ಶುರುವಾಗಬೇಕು. ಒಂದು ಗಂಟೆಯ ಮಾತಿಗೆ ಇಪ್ಪತ್ತು ಮಗ್ಗುಲು! ಆಚೆ ಕೋಣೆಯಲ್ಲಿ ಯಾರೋ ಒಬ್ಬ ವಿದ್ಯಾರ್ಥಿ ಮೂರು ಮೂರು ನಿಮಿಷಕ್ಕೆ ಪ್ಲೇಟು ಬದಲಿಸುತ್ತಾ ಒದ್ದಾಡುತ್ತಿದ್ದರೆ ಈಚೆ ಕೋಣೆಯಲ್ಲಿ ಇನ್ನೊಬ್ಬ ತನ್ನ ಜೀವನದ ಕಷ್ಟ ಹೇಳಿಕೊಳ್ಳುತ್ತಿದ್ದಾನೆ. ಇದನ್ನು ಓದಿದಾಗಿನಿಂದ ಆ ಪ್ಲೇಟು ಬದಲಿಸುವವನ ಮೇಲೆ ನನಗೆ ವಿಚಿತ್ರ ಅಕ್ಕರೆ ಬಂದುಬಿಟ್ಟಿದೆ.

1942ರಲ್ಲಿ ರೋಜರ್ಸ್ ಪುಸ್ತಕ ಬಂತು. ಅದರ ಕೊನೆಯ ಭಾಗದಲ್ಲಿ ಹರ್ಬರ್ಟ್ ಬ್ರಯಾನ್ (ಇದು ಬದಲಿಸಿದ ಹೆಸರು) ಎಂಬುವವನ ಎಂಟು ಭೇಟಿಗಳ ಮಾತು ಮೊದಲಿಂದ ಕೊನೆಯವರೆಗೆ ಅಚ್ಚಾಗಿತ್ತು. ಒಂದು ಇಡೀ ಚಿಕಿತ್ಸೆ ಹೀಗೆ ಬಯಲಿಗೆ ಬಂದಿದ್ದು ಅದೇ ಮೊದಲು. ಬಂದವರನ್ನು "ರೋಗಿ" ಅನ್ನದೆ "ಕ್ಲೈಂಟ್" ಅಂತ ಕರೆದ ಪುಸ್ತಕವೂ ಅದೇ. ಕೋವ್ನರ್ ಇನ್ನೂ ಒಂದು ಕೆಲಸ ಮಾಡಿದರು. ಸಲಹೆಗಾರರು ನೆನಪಿನಿಂದ ಬರೆದ ವರದಿಯನ್ನು ಪ್ಲೇಟಿನ ಜೊತೆ ಹೋಲಿಸಿ ನೋಡಿದರು. ನಡೆದ ಮಾತಿನ ಬಹುಪಾಲು ವರದಿಯಲ್ಲಿ ಇರಲೇ ಇಲ್ಲ.

ಈಗ ಅಸಲಿ ವಿಷಯ. ಪ್ಲೇಟು ಸಿಕ್ಕಿತು, ಅದರಲ್ಲಿ ಏನು ಕೇಳಿಸಿತು?

ವಿಕ್ಟರ್ ರೇಮಿ ಎಂಬ ವಿದ್ಯಾರ್ಥಿ 1943ರ ತನ್ನ ಪ್ರಬಂಧಕ್ಕೆ ಆರಿಸಿಕೊಂಡದ್ದು, ಕ್ಲೈಂಟ್ ತನ್ನ ಬಗ್ಗೆ ತಾನೇ ಆಡುವ ಮಾತುಗಳನ್ನು. ಪ್ರತಿ ಮಾತನ್ನೂ ತನ್ನನ್ನು ಮೆಚ್ಚಿಕೊಂಡದ್ದು, ಹಳಿದುಕೊಂಡದ್ದು, ಎರಡೂ ಬೆರೆತದ್ದು ಅಂತ ವಿಂಗಡಿಸಿದ. ಚಿಕಿತ್ಸೆ ಫಲಿಸಿದವರಲ್ಲಿ ಶುರುವಿಗೆ ಹಳಿದುಕೊಳ್ಳುವುದೇ ಜಾಸ್ತಿ, ಕೊನೆಗೆ ಮೆಚ್ಚಿಕೊಳ್ಳುವುದು ಜಾಸ್ತಿ. ಇದು ಯಾರಾದರೂ ಊಹಿಸಬಹುದಾದದ್ದೇ. ನನಗೆ ಕುತೂಹಲ ಅನ್ನಿಸಿದ್ದು ನಡುವಿನ ಹಂತ. ಅಲ್ಲಿ ಮನುಷ್ಯ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಒಂದು ಉಸಿರಲ್ಲಿ ನಾನು ಸರಿ ಅನ್ನುತ್ತಾನೆ, ಮರು ಉಸಿರಲ್ಲಿ ನನ್ನಂಥ ಅಯೋಗ್ಯ ಇಲ್ಲ ಅನ್ನುತ್ತಾನೆ. ನನ್ನ ಆರನೇ, ಏಳನೇ ಶನಿವಾರ ನಡೆದದ್ದು ಇದೇ. ಆಗ ನಾನು ಬಿಟ್ಟುಬಿಡೋಣ ಅಂದುಕೊಂಡಿದ್ದೆ. "ಹೋಗ್ತಾ ಹೋಗ್ತಾ ಇನ್ನೂ ಗೊಂದಲ ಆಗ್ತಿದೆ, ದುಡ್ಡು ಬೇರೆ ದಂಡ" ಅಂತ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೂ ನೆನಪಿದೆ.

ವಿಲಿಯಂ ಸ್ನೈಡರ್ 1945ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ದೊಡ್ಡದು. ಆರು ಜನರ 48 ಭೇಟಿಗಳು, ಸುಮಾರು ಹತ್ತು ಸಾವಿರ ಹೇಳಿಕೆಗಳು, ಒಂದೊಂದಕ್ಕೂ ಒಂದು ಗುರುತು. ಮೊದಮೊದಲು ಸಮಸ್ಯೆಯ ವರ್ಣನೆಯೇ ತುಂಬಿಕೊಂಡಿರುತ್ತದೆ. ಬರಬರುತ್ತಾ ಅದು ಕಡಿಮೆಯಾಗಿ "ಓ, ನಾನು ಹೀಗೆ ಮಾಡ್ತಾ ಇದ್ದೆ" ಅನ್ನುವ ಅರಿವಿನ ಮಾತು ಏರುತ್ತದೆ. ಮುಂದೇನು ಮಾಡುತ್ತೇನೆ ಅನ್ನುವ ಯೋಜನೆಯ ಮಾತು ಕಾಣಿಸಿಕೊಳ್ಳುವುದು ಕೊನೆಯ ಭೇಟಿಗಳಲ್ಲಿ. ಅಂದರೆ ಮೊದಲ ದಿನವೇ "ನೀವು ಹೀಗೆ ಮಾಡಿ, ಹಾಗೆ ಮಾಡಿ" ಅಂತ ಪಟ್ಟಿ ಕೊಡುವ ನಮ್ಮ ನೆಂಟರಿಷ್ಟರು ಕೊನೆಯ ಅಧ್ಯಾಯದಿಂದ ಪುಸ್ತಕ ಓದಿಸುತ್ತಿದ್ದಾರೆ ಅಂತಾಯಿತು.

ಇದೆಲ್ಲವನ್ನೂ ಸೇರಿಸಿ ರೋಜರ್ಸ್ 1957ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ಭಾಷಣ ಮಾಡಿದರು. ಅದಕ್ಕಾಗಿ ಎಷ್ಟೋ ಗಂಟೆಗಳ ರೆಕಾರ್ಡಿಂಗನ್ನು ಏನೂ ಗೊತ್ತಿಲ್ಲದವರ ಹಾಗೆ ಮತ್ತೆ ಕೇಳಿದರಂತೆ. ಆ ಭಾಷಣದಲ್ಲಿ ಅವರು ಏಳು ಹಂತ ಗುರುತಿಸಿದರು. ಮೊದಲ ಹಂತದವನು ಸ್ವಂತ ಇಷ್ಟದಿಂದ ಬರುವುದೇ ಕಡಿಮೆ. ಮಾತಾಡಿದರೂ ಊರ ವಿಷಯ. ಎರಡನೆಯದರಲ್ಲಿ ಭಾವನೆ ಇದೆ, ಆದರೆ ಅದು ತನ್ನದಲ್ಲ, ಎಲ್ಲಿಂದಲೋ ಬಂದದ್ದು, ಯಾವಾಗಲೋ ಆದದ್ದು. ನಾಲ್ಕು, ಐದಕ್ಕೆ ಬರುವಷ್ಟರಲ್ಲಿ ಭಾವನೆ ಈ ಗಳಿಗೆಯದ್ದಾಗುತ್ತದೆ, ಹೊಣೆಯೂ ತನ್ನದಾಗುತ್ತದೆ. ಆರರಲ್ಲಿ ಮೈಯೇ ಮಾತಾಡುತ್ತದೆ, ಕಣ್ಣೀರು, ನಿಟ್ಟುಸಿರು, ಸ್ನಾಯು ಸಡಿಲವಾಗುವುದು. ಏಳನೆಯದನ್ನು ಮುಟ್ಟುವವರು ಕಡಿಮೆ, ಮುಟ್ಟಿದವರಿಗೆ ಸಲಹೆಗಾರರ ಅಗತ್ಯವೂ ಅಷ್ಟಾಗಿ ಇರುವುದಿಲ್ಲ.

ಇಲ್ಲಿ ಒಂದು ತಮಾಷೆ ಹೊಳೆಯಿತು. ಎರಡನೇ ಹಂತದ ಲಕ್ಷಣ ಏನು? ಭಾವನೆ ನನ್ನದಲ್ಲ, ಹೊರಗಿನಿಂದ ಬಂದದ್ದು. ಈಗ ನಮ್ಮ ಕನ್ನಡ ನೋಡಿ. ನನಗೆ ಕೋಪ ಬಂತು. ದುಃಖ ಆಯಿತು. ಹೆದರಿಕೆ ಹಿಡಿಯಿತು. ಬೇಜಾರಾಗಿದೆ. ಎಲ್ಲದರಲ್ಲೂ ನಾನು ಸುಮ್ಮನೆ ನಿಂತಿದ್ದೇನೆ, ಕೋಪವೇ ಬಸ್ಸಿನಿಂದಿಳಿದು ನಡೆದು ಬರುತ್ತಿದೆ! ರೋಜರ್ಸ್ ಅಳತೆಗೋಲನ್ನು ಹಾಗೇ ತಂದು ಹಚ್ಚಿದರೆ ಇಡೀ ಕರ್ನಾಟಕ ಎರಡನೇ ಹಂತದಲ್ಲೇ ನಿಂತುಬಿಡುತ್ತದೆ. ಆದರೆ ನಮ್ಮಲ್ಲೂ ಒಂದು ಕಿಂಡಿ ಇದೆ. "ಸಿಟ್ಟು ಬಂತು" ಬೇರೆ, "ಸಿಟ್ಟು ಮಾಡಿಕೊಂಡೆ" ಬೇರೆ. ಆ "ಕೊಂಡೆ"ಯಲ್ಲಿ ನಾನಿದ್ದೇನೆ. ಒಂಬತ್ತನೆಯದೋ ಹತ್ತನೆಯದೋ ಶನಿವಾರ, ಅಪ್ಪನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವರ ಮೇಲೆ ರೇಗಿದ್ದನ್ನು ಹೇಳುವಾಗ ನನ್ನ ಬಾಯಿಂದ "ನಾನು ಸಿಟ್ಟು ಮಾಡ್ಕೊಂಡೆ" ಅಂತ ಬಂತು. ಅಲ್ಲಿಯವರೆಗೆ ಅದೇ ಕಥೆಯನ್ನು "ಸಿಟ್ಟು ಬಂದುಬಿಡ್ತು" ಅಂತಲೇ ಹೇಳುತ್ತಿದ್ದೆ. ಎದುರಿಗೆ ಕೂತವರು ಏನೂ ಅನ್ನಲಿಲ್ಲ. ನೀರಿನ ಲೋಟ ಮುಂದೆ ಸರಿಸಿದರು.

ಇರಲಿ. ಇಷ್ಟೆಲ್ಲ ಮಾತಿನ ಬದಲಾವಣೆ. ನನ್ನ ಹೆಂಡತಿಯ ಪ್ರಶ್ನೆ ಹಾಗೇ ಇದೆಯಲ್ಲ, ನಡವಳಿಕೆ ಬದಲಾಯಿತಾ?

1945ರಲ್ಲಿ ರೋಜರ್ಸ್ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲೊಂದು ಸಲಹಾ ಕೇಂದ್ರ ತೆರೆದರು. ಅಲ್ಲಿನ ಸಂಶೋಧನೆ 1954ರಲ್ಲಿ ರೋಜರ್ಸ್ ಮತ್ತು ರೋಸಲಿಂಡ್ ಡೈಮಂಡ್ ಸಂಪಾದಿಸಿದ ಪುಸ್ತಕವಾಗಿ ಬಂತು. (ಅಂದ ಹಾಗೆ ಅದೇ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಅದು ಹಳೇ ಮಾನಸಿಕ ಆಸ್ಪತ್ರೆಯ ಜೊತೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು.) ಷಿಕಾಗೋದವರ ಒಂದು ಉಪಾಯ ಚೆನ್ನಾಗಿದೆ. ನೂರು ಕಾರ್ಡು, ಒಂದೊಂದರ ಮೇಲೆ "ನಾನು ಇಂಥವನು" ಅನ್ನುವ ಒಂದೊಂದು ಸಾಲು. ಅವನ್ನು ನನಗೆ ಒಪ್ಪುವುದರಿಂದ ಒಪ್ಪದ್ದರವರೆಗೆ ಒಂಬತ್ತು ಗುಡ್ಡೆ ಮಾಡಬೇಕು. ಆಮೇಲೆ ಅವೇ ಕಾರ್ಡುಗಳನ್ನು "ನಾನು ಹೇಗಿರಬೇಕು ಅಂತ ಆಸೆ" ಅನ್ನುವುದಕ್ಕೆ ಇನ್ನೊಮ್ಮೆ. ಎರಡು ಜೋಡಣೆ ಎಷ್ಟು ಹೊಂದುತ್ತವೆ ಅಂತ ಲೆಕ್ಕ ಹಾಕಿದರೆ, ಚಿಕಿತ್ಸೆಗೆ ಮುಂಚೆ ಸರಾಸರಿ ಹೊಂದಾಣಿಕೆ -0.01, ಅಂದರೆ ಇರುವ ನಾನಿಗೂ ಬೇಕಾದ ನಾನಿಗೂ ಸಂಬಂಧವೇ ಇಲ್ಲ. ಮುಗಿದ ಮೇಲೆ 0.34. ಕೆಲವರನ್ನು ಮೊದಲು 60 ದಿನ ಸುಮ್ಮನೆ ಕಾಯಿಸಿದರು. ಕಾದಿದ್ದರಿಂದ ಆ ಅಂಕಿ ಅಲ್ಲಾಡಲಿಲ್ಲ. ಚಿಕಿತ್ಸೆ ಬೇಡದ ಸಾಮಾನ್ಯ ಜನರದ್ದು 0.58 ಇತ್ತು. ಚಿಕಿತ್ಸೆ ಮುಗಿಸಿದವರು ಅಲ್ಲಿಗೆ ಮುಟ್ಟಲಿಲ್ಲ, ಅರ್ಧದಾರಿ ದಾಟಿದರು.

ಇದಕ್ಕೆ ಆಕ್ಷೇಪ ಆಗಲೇ ಸಿದ್ಧವಾಗಿತ್ತು. ಸ್ಟಾರ್ಕ್ ಹ್ಯಾಥವೇ 1948ರಲ್ಲೇ ಹೇಳಿದ್ದರು: ಬರುವಾಗ ಜನ ತಮ್ಮ ಕಷ್ಟವನ್ನು ಸ್ವಲ್ಪ ಹೆಚ್ಚಿಸಿ ಹೇಳುತ್ತಾರೆ, ಹೊರಡುವಾಗ ಮರ್ಯಾದೆಗೆ ಗುಣವಾಯಿತು ಅನ್ನುತ್ತಾರೆ. ಮದುವೆಮನೆ ಬಾಗಿಲಲ್ಲಿ ನಿಂತು "ಊಟ ಹೇಗಿತ್ತು?" ಅಂದರೆ ಯಾರು ತಾನೇ ಸಾರಿಗೆ ಉಪ್ಪು ಜಾಸ್ತಿ ಅನ್ನುತ್ತಾರೆ? 1952ರಲ್ಲಿ ಲಂಡನ್ನಿನ ಹ್ಯಾನ್ಸ್ ಐಸೆಂಕ್ ಇನ್ನೂ ಖಾರವಾಗಿ ಬರೆದರು. ಇಂಥ ತೊಂದರೆಗಳವರಲ್ಲಿ ಮೂರರಲ್ಲಿ ಎರಡು ಪಾಲು ಜನ ಮನೋಚಿಕಿತ್ಸೆ ಇಲ್ಲದೆಯೂ ಎರಡು ವರ್ಷದಲ್ಲಿ ಸುಧಾರಿಸುತ್ತಾರೆ ಅಂತ. ಅವರ ಲೆಕ್ಕದ ಬಗ್ಗೆ ಆಮೇಲೆ ಬಹಳ ಜಗಳ ನಡೆಯಿತು, ಅದು ಬೇರೆಯೇ ಪುರಾಣ.

ರೋಜರ್ಸ್ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಇಲ್ಲಿ. ಕ್ಲೈಂಟ್ ಮಾತಷ್ಟನ್ನೇ ನಂಬಿ ಅವರು ಕೂರಲಿಲ್ಲ. ಪ್ರತಿಯೊಬ್ಬರಿಂದಲೂ ಚೆನ್ನಾಗಿ ಬಲ್ಲ ಇಬ್ಬರು ಸ್ನೇಹಿತರ ಹೆಸರು ತೆಗೆದುಕೊಂಡು, ಇವನ ದಿನನಿತ್ಯದ ನಡವಳಿಕೆ ಎಷ್ಟು ಪ್ರಬುದ್ಧ ಅಂತ ಆ ಸ್ನೇಹಿತರಿಗೇ ಅಂಕ ಹಾಕಲು ಹೇಳಿದರು. ಚಿಕಿತ್ಸೆಗೆ ಮುಂಚೆ ಒಮ್ಮೆ, ಆಮೇಲೆ ಮತ್ತೆ. ಫಲಿತಾಂಶ? ಒಟ್ಟಾರೆ ನೋಡಿದರೆ ಸ್ನೇಹಿತರಿಗೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ!

ಈ ಸಾಲು ಓದಿ ನಾನು ಪುಸ್ತಕ ಮಡಚಿಟ್ಟು ಅಡುಗೆಮನೆ ಕಡೆ ನೋಡಿದೆ.

ಆದರೆ ಅವರನ್ನು ಬಿಡಿಸಿ ನೋಡಿದಾಗ ಬೇರೆ ಚಿತ್ರ ಬಂತು. ಸಲಹೆಗಾರರು "ಇವರು ನಿಜಕ್ಕೂ ಮುಂದೆ ಹೋದರು" ಅಂದುಕೊಂಡವರಲ್ಲಿ ಸ್ನೇಹಿತರಿಗೂ ಸುಧಾರಣೆ ಕಂಡಿತ್ತು. "ಇವರಲ್ಲಿ ಏನೂ ಆಗಲಿಲ್ಲ" ಅಂದವರ ವಿಷಯದಲ್ಲಿ ಸ್ನೇಹಿತರು, ಇವನು ಮುಂಚೆಗಿಂತ ಕೆಟ್ಟಿದ್ದಾನೆ ಅಂದಿದ್ದರು. ಮತ್ತು ಈ ಎರಡನೇ ಗುಂಪಿನವರು ತಮಗೆ ತಾವೇ ಹಾಕಿಕೊಂಡ ಅಂಕ ಮಾತ್ರ ಏರಿತ್ತು. ಅಂದರೆ ಫಲ ಸಿಗದವನೇ "ನಾನು ತುಂಬಾ ಬದಲಾಗಿದೀನಿ, ಅಲ್ವಾ?" ಅಂತ ಕೇಳುವ ಸಂಭವ ಇದೆ. ಬೆನ್ನಲ್ಲಿ ಸಣ್ಣ ಚಳಿ ಹುಟ್ಟಿತು, ಸುಳ್ಳು ಯಾಕೆ ಹೇಳಲಿ.

ಇನ್ನೂ ಒಂದು ಪೆಟ್ಟಿದೆ. 1955ರಲ್ಲಿ ಜೋಯಲ್ ಗ್ರೀನ್‌ಸ್ಪೂನ್ ಎಂಬವರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಕೂರಿಸಿ ಬಾಯಿಗೆ ಬಂದ ಪದ ಹೇಳುತ್ತಾ ಹೋಗಿ ಅಂದರು. ಬಹುವಚನದ ಪದ ಬಂದಾಗಲೆಲ್ಲ "ಹ್ಞೂಂ" ಅಂದರು. ಬಹುವಚನ ಹೆಚ್ಚಾಯಿತು. ಯಾಕೆ ಅಂತ ಹೇಳುತ್ತಿದ್ದವರಿಗೇ ಗೊತ್ತಿರಲಿಲ್ಲ. ಹಾಗಾದರೆ ಚಿಕಿತ್ಸಕರ "ಹ್ಞೂಂ" ಏನು ಮಾಡುತ್ತಿದೆ? ಚಾರ್ಲ್ಸ್ ಟ್ರುಆಕ್ಸ್ 1966ರಲ್ಲಿ ಸ್ವತಃ ರೋಜರ್ಸ್ ಚಿಕಿತ್ಸೆ ಮಾಡಿದ ಒಂದು ದೀರ್ಘ ಕೇಸಿನ ರೆಕಾರ್ಡಿಂಗ್ ಬಿಡಿಸಿ ನೋಡಿದರು. ತಾನು ಯಾವ ಕಡೆಗೂ ಎಳೆಯುವುದಿಲ್ಲ ಅನ್ನುತ್ತಿದ್ದ ರೋಜರ್ಸ್, ಕೆಲವು ಬಗೆಯ ಮಾತಿಗೆ ಹೆಚ್ಚು ಬೆಚ್ಚಗೆ ಪ್ರತಿಕ್ರಿಯಿಸುತ್ತಿದ್ದರು, ಅಂಥ ಮಾತುಗಳಲ್ಲಿ ಹೆಚ್ಚಿನವು ಕಾಲ ಕಳೆದಂತೆ ಏರಿದ್ದವು. ಹಾಗಂತ ಎಲ್ಲ ಬೊಗಳೆ ಅಂತ ನಾನು ಹೇಳುವುದಿಲ್ಲ. ಮಗು ಮಾತು ಕಲಿಯುವುದೂ ಅಮ್ಮನ ಹ್ಞೂಂಗುಟ್ಟುವಿಕೆಯಿಂದಲೇ. ಹಾಗೆ ಕಲಿತ ಮಾತು ಸುಳ್ಳಾಗುವುದಿಲ್ಲ. ಆದರೆ ಇದನ್ನು ಕಂಡುಹಿಡಿದದ್ದು ಯಾವುದರಿಂದ? ಬಾಗಿಲು ತೆರೆದು ರೆಕಾರ್ಡ್ ಮಾಡಿದ್ದರಿಂದ. ಮುಚ್ಚಿದ ಕೋಣೆಯವರ ಮೇಲೆ ಇಂಥ ಆರೋಪ ಹೊರಿಸುವುದಕ್ಕೂ ಸಾಧ್ಯವಿರಲಿಲ್ಲ.

1957ರಲ್ಲಿ ರೋಜರ್ಸ್ ವಿಸ್ಕಾನ್ಸಿನ್‌ಗೆ ಹೋದರು. ಮೆಂಡೋಟಾ ಆಸ್ಪತ್ರೆಯ ಸ್ಕಿಜೋಫ್ರೇನಿಯಾ ರೋಗಿಗಳ ಜೊತೆ ದೊಡ್ಡ ಯೋಜನೆ. ಅದರ ಪುಸ್ತಕ ಬರುವಷ್ಟರಲ್ಲಿ 1967 ಆಯಿತು, ಫಲವೂ ಷಿಕಾಗೋದಷ್ಟು ಸಿಹಿಯಾಗಿರಲಿಲ್ಲ. ಹಂತದಿಂದ ಹಂತಕ್ಕೆ ಏರುವುದು ಅಲ್ಲಿ ಅಷ್ಟಾಗಿ ಕಾಣಲಿಲ್ಲ. ಅಲ್ಲಿನ ಒಬ್ಬ ಯುವಕನ ಜೊತೆಗಿನ ಭೇಟಿಗಳ ಬಗ್ಗೆ ರೋಜರ್ಸ್ ಬರೆದಿದ್ದಾರೆ. ಅವನು ಮಾತೇ ಆಡುತ್ತಿರಲಿಲ್ಲ. ಒಂದೆರಡು ಶಬ್ದ, ಆಮೇಲೆ ಹತ್ತು ಹದಿನೈದು ನಿಮಿಷ ಮೌನ. ರೋಜರ್ಸ್ ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಿದ್ದರು. ಹತ್ತು ಸಾವಿರ ಹೇಳಿಕೆ ಎಣಿಸಿದ ಪರಂಪರೆಯವರು ಎಣಿಸಲು ಏನೂ ಇಲ್ಲದ ಕಡೆ ಬಂದು ಕೂತಿದ್ದರು. ಒಂದು ದಿನ ಅವನು ಅತ್ತ. ಆ ಅಳುವಿಗೆ ಯಾವ ಗುಡ್ಡೆಯ ಕಾರ್ಡು?

ಇದೇ ಗುಂಪಿನಲ್ಲಿದ್ದ ಯೂಜೀನ್ ಜೆಂಡ್ಲಿನ್ ಅಸಲಿಗೆ ತತ್ವಶಾಸ್ತ್ರದವರು, 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ ನಾಜಿಗಳಿಂದ ತಪ್ಪಿಸಿಕೊಂಡು ಬಂದವರು. ಅವರೂ ಜೊತೆಯವರೂ ಕಂಡದ್ದು ಕೊಂಚ ಕಹಿ ಸತ್ಯ. ಚಿಕಿತ್ಸೆ ಯಾರಿಗೆ ಫಲಿಸುತ್ತದೆ ಅನ್ನುವುದು ಮೊದಲ ಕೆಲವು ಭೇಟಿಗಳಲ್ಲೇ ಬಹುಮಟ್ಟಿಗೆ ಗೊತ್ತಾಗುತ್ತಿತ್ತು. ಫಲ ಸಿಕ್ಕವರು ಮಾತಿನ ನಡುವೆ ತಡವರಿಸುತ್ತಿದ್ದರು, "ಅದು... ಹಾಗಲ್ಲ... ಇಲ್ಲಿ ಏನೋ ಒತ್ತಿದ ಹಾಗೆ" ಅಂತ ಒಳಗೆ ಕೈಯಾಡಿಸಿ ಹುಡುಕುತ್ತಿದ್ದರು. ನಿರರ್ಗಳವಾಗಿ, ವರದಿ ಒಪ್ಪಿಸುವ ಹಾಗೆ ಮಾತಾಡಿದವರು ಹಾಗೇ ಉಳಿದರು. ಹಾಗಾದರೆ ಆ ತಡವರಿಸುವುದನ್ನೇ ಕಲಿಸಬಹುದಲ್ಲ ಅಂತ ಜೆಂಡ್ಲಿನ್ ಹೊರಟರು. ಅವರ "ಫೋಕಸಿಂಗ್" ಪುಸ್ತಕ 1978ರಲ್ಲಿ ಬಂತು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. 1986ರಲ್ಲಿ ಕೆನೆತ್ ಹೋವರ್ಡ್ ಮತ್ತು ಸಂಗಡಿಗರು ಹಲವು ಅಧ್ಯಯನಗಳ 2,400ಕ್ಕೂ ಹೆಚ್ಚು ಜನರ ಮಾಹಿತಿ ಕಲೆಹಾಕಿ, 8 ಭೇಟಿಯಷ್ಟರಲ್ಲಿ ಸುಮಾರು ಅರ್ಧ ಜನಕ್ಕೆ, 26ರಷ್ಟರಲ್ಲಿ ಮುಕ್ಕಾಲು ಪಾಲು ಜನಕ್ಕೆ ಗುಣ ಕಾಣುತ್ತದೆ ಅಂದರು. 1999ರಲ್ಲಿ ಟ್ಯಾಂಗ್ ಮತ್ತು ಡಿರೂಬೇಸ್ ಖಿನ್ನತೆಗೆ ಕೊಡುವ ಇನ್ನೊಂದು ಬಗೆಯ ಚಿಕಿತ್ಸೆಯಲ್ಲಿ ಬೇರೆಯದನ್ನು ಕಂಡರು. ಸುಧಾರಣೆ ಎಲ್ಲರಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಬರುವುದಿಲ್ಲ, ಕೆಲವರಲ್ಲಿ ಒಂದು ವಾರಕ್ಕೂ ಮುಂದಿನ ವಾರಕ್ಕೂ ನಡುವೆ ದಿಢೀರನೆ ಜಿಗಿಯುತ್ತದೆ. ಆ ಜಿಗಿತದ ಹಿಂದಿನ ಭೇಟಿಯ ಟೇಪು ಕೇಳಿದರೆ, ಅಲ್ಲಿ ಅವರ ಯೋಚನೆಯ ರೀತಿಯೇ ಕದಲಿದ್ದು ಕೇಳಿಸುತ್ತಿತ್ತು.

ಈಗ ನನ್ನ ಕಥೆ. ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರಲಾಗದೆ ಹಳೇ ವಿಸಿಟಿಂಗ್ ಕಾರ್ಡುಗಳ ಹಿಂದೆ ಕನ್ನಡದಲ್ಲಿ ಮೂವತ್ತು ಸಾಲು ಬರೆದೆ. "ಸಣ್ಣದಕ್ಕೂ ರೇಗುತ್ತೇನೆ", "ತಪ್ಪಾದರೆ ಒಪ್ಪಿಕೊಳ್ಳುತ್ತೇನೆ", "ಮಾತು ಮುಗಿಯುವ ಮುಂಚೆ ಎದ್ದು ಹೋಗುತ್ತೇನೆ", ಹೀಗೆ. ಭಾನುವಾರ ಮಧ್ಯಾಹ್ನ ಹೆಂಡತಿಯ ಮುಂದೆ ಇಟ್ಟು, ನನ್ನ ಬಗ್ಗೆ ಐದು ಗುಡ್ಡೆ ಮಾಡು ಅಂದೆ. "ಇಸ್ಪೀಟು ಆಡೋ ವಯಸ್ಸಾ ಇದು" ಅಂತ ಗೊಣಗುತ್ತಲೇ ಕೂತಳು. "ಸಣ್ಣದಕ್ಕೂ ರೇಗುತ್ತೇನೆ" ಯೋಚನೆಯನ್ನೂ ಮಾಡದೆ ಪೂರ್ತಿ ಹೌದು ಅನ್ನುವ ಗುಡ್ಡೆಗೆ ಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ, "ನೋಡಿ, ಈಗಲೂ" ಅಂದಳು. ಎದ್ದು ಹೋಗುವ ಕಾರ್ಡನ್ನು ಮಾತ್ರ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಕೊನೆಗೆ ನಡುವಿನ ಗುಡ್ಡೆಗೆ ಹಾಕಿದಳು.

"ಹೋದ ವರ್ಷ ಕೇಳಿದ್ರೆ ಇದೂ ಆ ಕಡೆಗೇ ಹೋಗ್ತಿತ್ತು" ಅಂದಳು. "ಈಗ ಎದ್ದು ಹೋಗ್ತೀರ, ಬಾಗಿಲ ತನಕ ಹೋಗಿ ವಾಪಸ್ ಬರ್ತೀರ."

ನನಗೆ ಅದು ಗೊತ್ತೇ ಇರಲಿಲ್ಲ.